ಬಂಡೆ ಮರೆಯಲ್ಲಿ ಅಳೆದ ಕತ್ತಲು

ಜನವರಿ 28, ಮಂಗಳವಾರ. ಬೆಳಿಗ್ಗೆ 6.30

ರಾತ್ರಿ ಆಕಾಶದ ಕತ್ತಲು ಅಳೆಯುವ ರೀಡಿಂಗ್ ಮುಗಿಸಿ ಈಗ ಬಂದೆ. ಒಂದನೇ ಗುರುತಿನ ಕಂಬ 21.6. ಎರಡು 21.5. ಮೂರು 21.5. ನಾಲ್ಕು, ಐದು 21.7. ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ. ಮೂರನೆಯದನ್ನು ಬಂಡೆಯ ಹಿಂದಿನಿಂದ ತೆಗೆದೆ, ಎಂದಿನಂತೆ.

ಲಾಡ್ಜಿನಲ್ಲಿ ಇಳಿದಿದ್ದ ಪ್ರವಾಸಿಯೊಬ್ಬರು ಜೊತೆಗೆ ಬಂದಿದ್ದರು. ಎಲ್ಲರೂ ಕೇಳುವ ಪ್ರಶ್ನೆ — ಅಂಕಿ ಜಾಸ್ತಿ ಬಂದ್ರೆ ಬೆಳಕು ಜಾಸ್ತಿ ಅಂತಲ್ವಾ? ಅಲ್ಲ ಸ್ವಾಮಿ, ತಿರುಗಾಮುರುಗಾ. ಅಂಕಿ ಏರಿದಷ್ಟೂ ಕತ್ತಲು. ಇಪ್ಪತ್ತೊಂದರ ಕೆಳಗೆ ಬಿದ್ದರೆ ಈ ಉದ್ಯಾನಕ್ಕೆ ‘ಕತ್ತಲ ಆಕಾಶ’ದ ಮಾನ್ಯತೆ ಇರುವುದಿಲ್ಲ. ಗೇಟಿನ ಬೋರ್ಡಿನಲ್ಲಿರುವ ನನ್ನ ಫೋಟೊ ತೋರಿಸಿ, ‘ಕತ್ತಲಿಗಾಗಿ ಹೋರಾಟ ಮಾಡಿದ್ದು ನೀವೇನಾ?’ ಅಂದರು. ಹೌದು ಅಂದೆ. ಮೈಯೆಲ್ಲ ಬಿಸಿ. ಹೆಮ್ಮೆಯೋ ಜ್ವರವೋ.

ನಮ್ಮವರು ಪ್ರವಾಸಿಗರ ವ್ಯಾನ್ ತೊಳೆಯುತ್ತಿದ್ದರು. ‘ನಿನ್ನ ಕತ್ತಲಲ್ಲಿ ನನ್ನ ಒಂದು ಚಪ್ಪಲಿ ಕಳೆದುಹೋಗಿದೆ ಮೀಟರಮ್ಮ, ಅದನ್ನೂ ರಿಜಿಸ್ಟರಿನಲ್ಲಿ ಬರ್ಕೋ.’

ಜ್ವರವೇ. ಮಲಗಬೇಕು.

ಫೆಬ್ರವರಿ 3, ಸೋಮವಾರ

ಐದು ದಿನ ಎದ್ದಿಲ್ಲ. ನನ್ನ ಬದಲಿಗೆ ತೋಟಗಾರಣ್ಣ ಮೀಟರ್ ಹಿಡಿದು ಹೋಗಿದ್ದರಂತೆ. ಹಳೆಯ ಮನುಷ್ಯ, ಬರುವ ವರ್ಷ ನಿವೃತ್ತಿ. ರಿಜಿಸ್ಟರಿನಲ್ಲಿ ದಪ್ಪ ಅಕ್ಷರ: ಮೂರನೇ ಕಂಬ, 20.7.

ಇವತ್ತು ಕಚೇರಿಗೆ ಕಾಲಿಡುವಷ್ಟರಲ್ಲಿ ಮೇಲ್ವಿಚಾರಕರ ಕರೆ.

‘ಏನಮ್ಮ ಇದು? ಎರಡು ದಿನದಲ್ಲಿ ಆಕಾಶ ಬೆಳ್ಳಗಾಯ್ತಾ? ತಿಂಗಳ ಕೊನೆಗೆ ಮಾನ್ಯತೆಯ ತಪಾಸಣೆಯವರು ಬರ್ತಾರೆ. ನಾನು ಏನು ಹೇಳ್ಲಿ?’

‘ಮೀಟರ್ ನೆಟ್ಟಗೆ ಹಿಡ್ದಿಲ್ವೇನೋ ಸರ್.’

‘ಮೂರು ಸಲ ತೆಗ್ದಿದೀನಿ ಅಂತಾನೆ. ಮೂರು ಸಲಾನೂ ಅದೇ. ಅಲ್ಲಿ ಹತ್ತಿರ ಬೆಳಕು ಯಾವುದಿದೆ?’

ಒಂದು ಕ್ಷಣ ಸಿಕ್ಕಿತು. ಒಂದೇ ಕ್ಷಣ. ಲಾಡ್ಜಿನ ಗಾಜಿನ ಊಟದ ಹಾಲ್ ಸರ್ ಅನ್ನಬೇಕಿತ್ತು. ಬಾಯಿಂದ ಬಂದದ್ದು — ‘ಕ್ವಾರ್ಟರ್ಸ್ ಲೈನ್ ಸರ್. ಹೊರಗಡೆ ಬಲ್ಬುಗಳಿವೆ. ಈಗೀಗ ರಾತ್ರಿಯಿಡೀ ಉರಿಸ್ತಾರೆ.’

‘ಹಾಗಾದ್ರೆ ತೆಗ್ಸಿ. ರಿಪೋರ್ಟ್ ಬರೆದು ಕೊಡಿ.’ ಅವರ ಮುಖದಲ್ಲಿ ಭಾರ ಇಳಿದದ್ದು ಕಂಡಿತು. ನನಗೂ ಇಳಿಯಿತು. ಅದೇ ನಾಚಿಕೆಗೇಡು.

ಬರೆಯುತ್ತೇನೆ. ಇಲ್ಲಿ ಯಾರೂ ಓದುವುದಿಲ್ಲ. ಎರಡು ವರ್ಷದ ಹಿಂದೆ ಲಾಡ್ಜಿನವರು ಗಾಜಿನ ಹಾಲ್ ಕಟ್ಟಿದರು. ಊಟ ಮಾಡುತ್ತಾ ನಕ್ಷತ್ರ ನೋಡಲಿಕ್ಕಂತೆ. ಒಳಗೆ ನಲವತ್ತು ದೀಪ ಹಚ್ಚಿಕೊಂಡು ನಕ್ಷತ್ರ ನೋಡುತ್ತಾರೆ. ಆ ತಿಂಗಳು ಮೂರನೇ ಕಂಬದಲ್ಲಿ ರೀಡಿಂಗ್ 20.8ಕ್ಕೆ ಬಿತ್ತು. ಕಂಬ ಮೊದಲೇ ಗೆದ್ದಲು ಹಿಡಿದು ಬಿದ್ದಿತ್ತು, ಹುಲ್ಲಿನಲ್ಲಿ ಬುಡ ಮಾತ್ರ ಇತ್ತು. ಎಂಟು ಹೆಜ್ಜೆ ಆಚೆ ದೊಡ್ಡ ಬಂಡೆ. ಈ ಮೀಟರ್ ಅಗಲ ಕಣ್ಣಿನದು, ಪಕ್ಕದ ಬೆಳಕೂ ಅದಕ್ಕೆ ತಾಗುತ್ತದೆ. ಬಂಡೆಯ ಹಿಂದೆ ಹೋಗಿ ಹಿಡಿದೆ. 21.5. ಅದನ್ನೇ ಬರೆದೆ. ಮುಂದಿನ ತಿಂಗಳೂ ಅಲ್ಲೇ ನಿಂತೆ. ಆಮೇಲೆ ಅದೇ ಜಾಗ ಆಗಿಹೋಯಿತು.

ಯಾರೂ ಹೇಳಿರಲಿಲ್ಲ. ಮಾನ್ಯತೆ ಹೋದರೆ ರಸ್ತೆಗೆ ಮತ್ತೆ ಹೈಮಾಸ್ಟ್ ದೀಪ ತರುತ್ತಾರೆ, ಅದಕ್ಕಾಗಿ ಅಂತ ನನಗೆ ನಾನೇ ಹೇಳಿಕೊಂಡೆ. ಗೇಟಿನ ಫೋಟೊ ಬಗ್ಗೆ ಹೇಳಿಕೊಳ್ಳಲಿಲ್ಲ.

ಫೆಬ್ರವರಿ 5, ಬುಧವಾರ

ಲೈನಿನಲ್ಲಿ ಕೆಲಸದವರ ಹನ್ನೊಂದು ಮನೆ. ಹನ್ನೊಂದು ಬಲ್ಬು ನಾನೇ ಬಿಚ್ಚಿದೆ. ಹಾಡುಹಗಲೇ. ಚೀಲದಲ್ಲಿ ಹಾಕಿಕೊಂಡು ಮನೆ ಮನೆ ತಿರುಗಿದೆ, ಒಂದು ಕಾಲದಲ್ಲಿ ಸಹಿ ಕೇಳಿಕೊಂಡು ತಿರುಗಿದ ಹಾಗೆಯೇ.

ಕೊನೆಯ ಮನೆಯದೇ ಪಾಯಿಖಾನೆ ದಾರಿಗೂ ಬೆಳಕು. ಹಳದಿ ಬಲ್ಬು, ಬೆಳಕು ಆಕಾಶಕ್ಕೆ ಹೋಗದ ಹಾಗೆ ಮೇಲೆ ತಗಡಿನ ಟೋಪಿ. ಕಾನೂನಿನ ಪ್ರಕಾರ ಎಳ್ಳಷ್ಟೂ ತಪ್ಪಿಲ್ಲ. ಆ ಟೋಪಿಯನ್ನು ಎಣ್ಣೆ ಡಬ್ಬ ಕತ್ತರಿಸಿ ಮಾಡಿದವಳು ಇಸ್ತ್ರಿ. ಲಾಡ್ಜಿನ ಬೆಡ್‌ಶೀಟುಗಳನ್ನೆಲ್ಲ ಒಗೆದು ಇಸ್ತ್ರಿ ಮಾಡುವವಳು, ಅದೇ ಹೆಸರಾಗಿಬಿಟ್ಟಿದೆ. ಏಳು ವರ್ಷದ ಹಿಂದೆ ಹೈಮಾಸ್ಟ್ ಕಂಬ ಹೊತ್ತ ಲಾರಿಯ ಮುಂದೆ ನನ್ನ ಪಕ್ಕದಲ್ಲಿ ಮಲಗಿದವಳು. ದೀಪಕ್ಕೆ ಬಡಿದು ಸತ್ತ ಹಕ್ಕಿಗಳನ್ನು ಬುಟ್ಟಿಯಲ್ಲಿ ಹೊತ್ತು ಕಚೇರಿ ಮೆಟ್ಟಿಲ ಮೇಲೆ ಸುರಿದವಳು. ಭಾಷಣ ನನ್ನದು, ಬುಟ್ಟಿ ಅವಳದು.

‘ಅಕ್ಕ, ಇದಕ್ಕೆ ಟೋಪಿ ಇದೆಯಲ್ಲ.’

‘ಮೇಲಿನವರ ಆರ್ಡರ್ ಕಣೆ.’

‘ಟೋಪಿ ಹಾಕ್ಕೊಂಡ್ರೆ ಬಿಡ್ತಾರೆ ಅಂತ ನೀನೇ ಹೇಳಿದ್ದೆ.’

‘ತಪಾಸಣೆ ಮುಗೀಲಿ.’

ಅವಳೇ ಸ್ಟೂಲ್ ಹಿಡಿದುಕೊಂಡಳು. ನಾನು ಬೀಳಬಾರದಂತೆ.

ರಿಪೋರ್ಟಿನಲ್ಲಿ ಬರೆದೆ: ‘ನಿವಾಸಿಗಳು ಸಹಕರಿಸಿದರು.’

ಫೆಬ್ರವರಿ 9, ಭಾನುವಾರ. ಮಧ್ಯಾಹ್ನ

ಇಸ್ತ್ರಿ ಬಂದಿದ್ದಳು, ಒಂದು ಬಿಳಿ ಹಾಳೆ ಹಿಡಿದು.

‘ಅರ್ಜಿ ಬರ್ದುಕೊಡು. ಪಾಯಿಖಾನೆ ದಾರಿಗಾದ್ರೂ ಒಂದು ಬಲ್ಬು ವಾಪಸ್ ಬೇಕು ಅಂತ. ನಿನ್ನ ಹಾಗೆ ಬರೆಯೋರು ಲೈನಿನಲ್ಲಿ ಯಾರಿದಾರೆ?’

ಬರೆದೆ. ನನ್ನ ಸುಳ್ಳಿನ ಮೇಲೆ ನಾನೇ ಅರ್ಜಿ ಬರೆದೆ. ಚೆನ್ನಾಗಿಯೇ ಬಂತು. ‘ಕತ್ತಲಿಗಾಗಿ ಹೋರಾಡಿದವರು ನಾವು, ಕತ್ತಲಲ್ಲಿ ಬಿದ್ದು ಸಾಯಲು ಅಲ್ಲ’ ಅಂತ ಒಂದು ಸಾಲು. ಅವಳು ಅದನ್ನು ಎರಡು ಸಲ ಓದಿಸಿದಳು.

‘ಹಳೇ ಖಾರ ಹಾಗೇ ಇದೆ ನಿಂಗೆ’ ಅಂದಳು. ‘ನಾವೆಲ್ಲ ಸಪ್ಪೆಯಾದ್ವಿ.’

ನಮ್ಮವರು ಒಳಗಿನಿಂದ ಕೇಳಿಸಿಕೊಂಡಿದ್ದರು. ಅವಳು ಹೋದ ಮೇಲೆ, ‘ಆರ್ಡರ್ ಕೊಟ್ಟೋರು ಯಾರು?’ ಅಂದರು. ನಾನು ಹಿತ್ತಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ.

ಫೆಬ್ರವರಿ 25, ಮಂಗಳವಾರ

ಹದಿನಾರು ದಿನ ಇದನ್ನು ತೆರೆದಿಲ್ಲ.

ನಿನ್ನೆ ರಾತ್ರಿ ಇಸ್ತ್ರಿ ಬಿದ್ದಳು. ಪಾಯಿಖಾನೆ ದಾರಿಯ ಮೂರನೇ ಮೆಟ್ಟಿಲು. ಬಲ ಮಣಿಕಟ್ಟು ಎರಡು ಕಡೆ ಮುರಿದಿದೆ. ಬೆಳಗಾಗುವವರೆಗೆ ಯಾರನ್ನೂ ಎಬ್ಬಿಸಲಿಲ್ಲವಂತೆ. ನಮ್ಮವರೇ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ವಾಪಸ್ ಬಂದು ಊಟ ಬೇಡ ಅಂದರು. ನನ್ನ ಮುಖ ನೋಡಲಿಲ್ಲ.

ಇಸ್ತ್ರಿ ಮಾಡುವವಳ ಬಲಗೈ.

ಬೇರೆ ಏನೂ ಬರೆಯಲು ಬರುತ್ತಿಲ್ಲ.

ಫೆಬ್ರವರಿ 27, ಗುರುವಾರ

ನೋಡಲು ಹೋದೆ. ಒಂದೇ ಕೋಣೆ, ಕಿಟಕಿಯಿಂದ ಗೋಡೆಗೆ ಹಗ್ಗ, ಹಗ್ಗದ ತುಂಬ ಲಾಡ್ಜಿನ ದಿಂಬಿನ ಕವರುಗಳು. ಎಡಗೈಯಲ್ಲಿ ಒಂದೊಂದನ್ನೇ ಮಡಿಸುತ್ತಿದ್ದಳು. ಅಂಚಿಗೆ ಅಂಚು ಕೂಡುತ್ತಿರಲಿಲ್ಲ, ಹಲ್ಲಿನಲ್ಲಿ ಕಚ್ಚಿ ಹಿಡಿದು ಮಡಿಸುತ್ತಿದ್ದಳು.

‘ಲಾಂಡ್ರಿ ಕಂಟ್ರಾಕ್ಟರ್ ನೋಡಿದ್ರೆ ಎಂಜಲು ಅಂತಾನೆ’ ಅಂದು ನಕ್ಕಳು.

ನನಗೆ ಅಳು ಬಂತು. ಅವಳು ಎಡಗೈಯಿಂದ ನನ್ನ ಬೆನ್ನು ಸವರಿದಳು. ‘ನೀನ್ಯಾಕಕ್ಕ ಅಳ್ತೀಯ? ಬಿದ್ದೋಳು ನಾನು. ಅರ್ಜಿ ಕೊಟ್ಟಿದೀವಲ್ಲ. ತಪಾಸಣೆ ರೀಡಿಂಗ್ ನೋಡಿ ಹೇಳ್ತೀವಿ ಅಂದಿದಾರೆ. ಬಲ್ಬಿಂದ ಏನೂ ಆಗಿಲ್ಲ ಅಂತ ಮೀಟರೇ ಹೇಳುತ್ತೆ. ಆವಾಗ ತೆಗ್ಸಿದ್ದು ತಪ್ಪು ಅಂತಾಗುತ್ತೆ. ಕೈ ಸರಿಹೋಗೋವರೆಗೂ ರಜೆ ಕೊಡ್ಲೇಬೇಕು, ಮನೇನೂ ಬಿಡ್ಸೋಕಾಗಲ್ಲ. ನಂಗೆ ಮೀಟರ್ ಮೇಲೆ ನಂಬಿಕೆ ಇದೆ.’

ಮೀಟರ್ ಮೇಲೆ ಅಂದಳು. ಮೀಟರ್ ಹಿಡಿಯುವವಳ ಕೈ ಅವಳ ಕೈಯೊಳಗೇ ಇತ್ತು.

ಸಂಜೆ 5

ತಪಾಸಣೆಗೆ ಮುಂಚೆ ಮೂರನೇ ಕಂಬ ಹೊಸದು ನೆಡಬೇಕೆಂದು ಮೇಲ್ವಿಚಾರಕರ ಅಪ್ಪಣೆ. ತೋಟಗಾರಣ್ಣ ಹಾರೆ ಹಿಡಿದು ಬಂದರು. ಮೊದಲ ಸಲ ಗುಂಡಿ ತೋಡಿದವರೂ ಅವರೇ.

‘ಎಲ್ಲಿ ತೋಡ್ಲಿ ತಾಯಿ?’

ಬಂಡೆಯ ಹಿಂದೆ ತೋರಿಸಿದೆ.

‘ಇಲ್ಲೇನಾ?’

‘ಇಲ್ಲೇ ಅಣ್ಣ.’

ನಾಲ್ಕು ಏಟು ಹಾಕಿದರು. ‘ನೆಲ ಗಟ್ಟಿಯಿದೆ. ಹಿಂದೆ ತೋಡಿದ ಗುರುತೇ ಇಲ್ಲ.’ ಮತ್ತೆ ನಾಲ್ಕು ಏಟು. ‘ನಾನು ಸಾಹೇಬ್ರಿಗೆ ಹೇಳ್ದೆ. ನಿನ್ನ ಕೆಲಸ ಗಿಡ, ಗಿಡ ನೋಡ್ಕೋ ಅಂದ್ರು. ಸರಿ, ನೀನೇ ಹೇಳ್ತೀಯ ಅಂದ್ಕೊಂಡು ಸುಮ್ನಿದೀನಿ.’

ಕಂಬ ನೆಟ್ಟು ಮಣ್ಣು ತುಳಿದರು. ಸಂಖ್ಯೆ ಬರೆಯಲು ಬಣ್ಣದ ಡಬ್ಬ ನನ್ನ ಕೈಗೆ ಕೊಟ್ಟರು. ‘ಇದನ್ನ ನಾನು ಬರಿಯಲ್ಲ’ ಅಂದರು.

3 ಅಂತ ಬರೆದೆ. ಚೆಂದವಾಗಿ, ಗುಂಡಗೆ.

ಮಾರ್ಚ್ 1, ಶನಿವಾರ

ತಪಾಸಣೆಯ ಮೇಡಂ ಒಳ್ಳೆಯವರು. ಅದೇ ಕಷ್ಟ. ಒರಟರಾಗಿದ್ದರೆ ಸುಳ್ಳು ಹೇಳಿದ್ದಕ್ಕೆ ಒಂದು ನೆವವಾದರೂ ಸಿಗುತ್ತಿತ್ತು. ದಾರಿಯುದ್ದಕ್ಕೂ ನನ್ನ ಹಳೆಯ ಭಾಷಣಗಳ ಬಗ್ಗೆ ಕೇಳಿದರು. ಎಲ್ಲೋ ಓದಿದ್ದಾರೆ.

ನಕ್ಷೆ ಬಿಚ್ಚಿ, ‘ಇದೇ ಜಾಗ ಅಲ್ವಾ?’ ಅಂದರು. ನಕ್ಷೆಯಲ್ಲಿ ಚುಕ್ಕೆ ದಪ್ಪ. ಎಂಟು ಹೆಜ್ಜೆ ಅದರೊಳಗೇ ಮುಚ್ಚಿಹೋಗುತ್ತದೆ.

‘ಹೌದು ಮೇಡಂ, ಇದೇ.’

ಅವರೇ ಮೀಟರ್ ಹಿಡಿದರು. 21.5.

ನಾನು ಇದನ್ನು ಯೋಚಿಸಿರಲಿಲ್ಲ. ಇದುವರೆಗೆ ಯೋಚಿಸಿಯೇ ಇರಲಿಲ್ಲ. ಅವರು ರಿಜಿಸ್ಟರ್ ತಿರುವಿ ಹಾಕಿದರು — ಜನವರಿ ಕೊನೆಗೆ 20.7. ಬಲ್ಬು ತೆಗೆದ ಮೇಲೆ 21.5. ಪೆನ್ನಿನಿಂದ ಎರಡರ ಕೆಳಗೂ ಗೆರೆ ಎಳೆದರು.

‘ನೋಡಿ, ಎಷ್ಟು ಸ್ಪಷ್ಟ. ಕ್ವಾರ್ಟರ್ಸ್ ದೀಪಗಳಿಂದಲೇ ಆಗ್ತಿತ್ತು.’

ಮೇಲ್ವಿಚಾರಕರು ತಲೆಯಾಡಿಸಿದರು. ನಾನೂ ಆಡಿಸಿದೆ. ಅವರ ಬೆನ್ನ ಹಿಂದೆ, ಬಂಡೆಯ ಆಚೆ, ಗಾಜಿನ ಹಾಲ್ ಉರಿಯುತ್ತಿತ್ತು. ಮೂರು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು. ಮೂವರಲ್ಲಿ ಒಬ್ಬರೂ ಸರಿಯಲಿಲ್ಲ. ಮೇಡಂಗೆ ಗೊತ್ತಿರಲಿಲ್ಲ. ಮೇಲ್ವಿಚಾರಕರಿಗೆ ಗೊತ್ತಾಗುವುದು ಬೇಡವಾಗಿತ್ತು. ನನಗೆ —

ನಮ್ಮ ಸಭೆಗಳಲ್ಲಿ ಶತ್ರು ಯಾರೆಂದು ಹೇಳಿಕೊಡುತ್ತಿದ್ದೆ. ಬೆರಳು ಮಡಿಸಿ ಎಣಿಸುತ್ತಿದ್ದೆ. ದೀಪದ ಕಂಟ್ರಾಕ್ಟರ್, ಲಾಡ್ಜಿನ ಮಾಲೀಕ, ಕಣ್ಣು ಮುಚ್ಚಿಕೊಂಡ ಅಧಿಕಾರಿ. ನಾಲ್ಕನೇ ಬೆರಳಿಗೆ ಯಾರೂ ಇರುತ್ತಿರಲಿಲ್ಲ.

ಮಾರ್ಚ್ 11, ಮಂಗಳವಾರ

ಎರಡು ಕಾಗದ ಬಂದವು.

ಒಂದು: ಅರ್ಜಿ ತಿರಸ್ಕೃತ. ಕ್ವಾರ್ಟರ್ಸ್ ಲೈನಿನ ಹೊರಗೆ ದೀಪ ಶಾಶ್ವತವಾಗಿ ನಿಷೇಧ. ‘ಕ್ರಮ ಪರಿಣಾಮಕಾರಿ ಎಂಬುದು ಅಳತೆಯಿಂದ ಸಾಬೀತಾಗಿದೆ.’

ಎರಡು: ಇಸ್ತ್ರಿಗೆ ನೋಟಿಸ್. ಬಿದ್ದದ್ದು ಅವಳದೇ ಅಜಾಗರೂಕತೆ. ರಜೆ ಇಲ್ಲ. ಕೆಲಸ ಮಾಡಲಾಗದವರಿಗೆ ಮನೆ ಇಲ್ಲ. ಇಪ್ಪತ್ತನೇ ತಾರೀಕಿನೊಳಗೆ ಖಾಲಿ ಮಾಡಬೇಕು.

ನಮ್ಮವರು ಎರಡನ್ನೂ ಗಟ್ಟಿಯಾಗಿ ಓದಿದರು. ಆಮೇಲೆ ಮಡಿಸಿ ನನ್ನ ಮುಂದಿಟ್ಟರು.

‘ತೋಟಗಾರಣ್ಣ ಹೇಳಿದ್ರು ನಂಗೆ. ಕಂಬದ ವಿಷಯ.’

‘ಯಾವಾಗ?’

‘ಹತ್ತು ದಿನ ಆಯ್ತು. ನೀನಾಗೇ ಹೇಳ್ತೀಯ ಅಂತ ಕಾದೆ. ಹೇಳಿದ್ರೆ ಮಾನ್ಯತೆ ಹೋಗ್ಬಹುದು. ಅದು ಹೋದ್ರೆ ಜನ ಬರಲ್ಲ, ನನ್ನ ವ್ಯಾನೂ ನಿಲ್ಲುತ್ತೆ. ಲೆಕ್ಕ ಹಾಕಿದೀನಿ. ಆದ್ರೂ ಹೇಳ್ಬಿಡು. ಊಟಕ್ಕೆ ಕೂತ್ರೆ ಎದುರಿಗೆ ನಿನ್ನ ಮುಖ. ನನಗೆ ನುಂಗೋಕಾಗ್ತಿಲ್ಲ.’

ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ಇಷ್ಟು ಮಾತು ಒಟ್ಟಿಗೆ ಆಡಿದ್ದಿಲ್ಲ.

ಮಾರ್ಚ್ 13, ಗುರುವಾರ

ಬೆಳಿಗ್ಗೆ ನಲ್ಲಿಗೆ ಹೋದೆ. ನೀರು ಬಿಡುವ ಹೊತ್ತು. ಹನ್ನೊಂದು ಮನೆಯವರೂ ಒಟ್ಟಿಗೆ ಸಿಗುವುದು ಅಲ್ಲಿ ಮಾತ್ರ. ಇಸ್ತ್ರಿಯ ಬಿಂದಿಗೆಯನ್ನು ಪಕ್ಕದ ಮನೆಯಾಕೆ ಹಿಡಿದಿದ್ದಳು.

ಹೇಳಿದೆ. ಬಂಡೆ, ಕಂಬ, ರಿಪೋರ್ಟು, ಬಲ್ಬು. ಮೈಕ್ ಹಿಡಿದು ಸಾವಿರ ಜನರ ಮುಂದೆ ಮಾತಾಡಿದವಳು ಹನ್ನೊಂದು ಬಿಂದಿಗೆಗಳ ಮುಂದೆ ತಡವರಿಸಿದೆ. ಒಬ್ಬರೂ ಬಯ್ಯಲಿಲ್ಲ. ನೀರು ತುಂಬಿ ಹೊರಗೆ ಹರಿಯುತ್ತಿತ್ತು, ನಲ್ಲಿ ತಿರುಗಿಸುವವರಿಲ್ಲ.

ಪಕ್ಕದ ಮನೆಯಾಕೆ ಮೊದಲು ಮಾತಾಡಿದಳು. ‘ಹಂಗಾರೆ ನಮ್ಮನೆ ಬಲ್ಬು ಎಲ್ಲಿದೆ ಈಗ?’

‘ಚೀಲದಲ್ಲಿದೆ. ಸ್ಟೋರಿನಲ್ಲಿ.’

‘ಅದಾದ್ರೂ ಒಡೀದೆ ಇಟ್ಟಿದೀಯಲ್ಲ.’

ಯಾರೋ ನಕ್ಕರು. ಆ ನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಇಸ್ತ್ರಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು, ಮಗು ಹಿಡಿದ ಹಾಗೆ.

‘ಅವತ್ತು ನನ್ನ ಕೋಣೆಯಲ್ಲಿ ಅತ್ಯಲ್ಲ. ಅದು ಇದಕ್ಕಾ?’

‘ಹೂಂ.’

‘ಅತ್ತು ಎದ್ದು ಹೋದೆ. ಹೋಗಿ ಕಂಬ ನೆಟ್ಟೆ.’

‘ಹೂಂ.’

‘ಸ್ಟೂಲ್ ಹಿಡ್ಕೊಂಡಿದ್ದೆ ಕಣೇ ನಾನು’ ಅಂದಳು. ಅಕ್ಕ ಅನ್ನಲಿಲ್ಲ.

ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ತಲೆ ಅಲ್ಲಾಡಿಸಿದಳು. ‘ನಂಗೆ ಹೇಳ್ಬೇಡ. ನಂಗೆ ಹೇಳಿದ್ರೆ ನಿನ್ನ ಎದೆ ಹಗುರಾಗುತ್ತೆ, ನನ್ನ ಮನೆ ಉಳಿಯಲ್ಲ. ಬರ್ದು ಕೊಡು. ಸಹಿ ಹಾಕಿ ಕೊಡು. ಸೋಮವಾರ ಎಲ್ಲರೂ ಕಚೇರಿಗೆ ಹೋಗೋಣ. ನೀನೇ ಓದು.’

ಮಾರ್ಚ್ 16, ಭಾನುವಾರ. ಸಂಜೆ

ಮೂರು ದಿನ, ನಾಲ್ಕು ಹಾಳೆ. ಬೇರೆಯವರ ಮೇಲೆ ಬರೆಯುವಾಗ ಪೆನ್ನು ನಿಲ್ಲುತ್ತಿರಲಿಲ್ಲ.

ಮಧ್ಯೆ ಮೇಲ್ವಿಚಾರಕರೇ ಮನೆಗೆ ಬಂದರು. ಸುದ್ದಿ ತಲುಪಿದೆ. ಕುರ್ಚಿಯ ತುದಿಯಲ್ಲಿ ಕೂತರು, ಟೀ ಮುಟ್ಟಲಿಲ್ಲ. ‘ಕೊಡ್ಬೇಡಿ ಅಂತ ನಾನು ಹೇಳಲ್ಲ. ಆದ್ರೆ ಅಚಾತುರ್ಯದಿಂದ ಆಯ್ತು ಅಂತ ಒಂದು ಪದ ಸೇರಿಸಿ. ನಿಮ್ಮ ಕೆಲಸ ಉಳಿಯುತ್ತೆ. ನಂಗೂ ಮೇಲಕ್ಕೆ ಉತ್ತರ ಹೇಳೋಕೆ ಸುಲಭ. ಬಲ್ಬು ವಾಪಸ್ ಹಾಕ್ಸೋಣ. ಆಕೆಯ ವಿಷಯ ಆಮೇಲೆ ನೋಡೋಣ.’

ಸೇರಿಸಿದೆ. ಹೌದು, ಸೇರಿಸಿದೆ. ಇಷ್ಟೆಲ್ಲ ಆದ ಮೇಲೂ. ‘ಅಚಾತುರ್ಯದಿಂದ’ — ಎಷ್ಟು ಮೆತ್ತನೆಯ ಪದ. ಹಾಸಿಗೆಯ ಹಾಗೆ.

ನಾಲ್ಕು ಗಂಟೆಗೆ ಇಸ್ತ್ರಿಯ ಕೋಣೆಗೆ ಹೋಗಿ ಓದಿದೆ. ಸಾಮಾನು ಅರ್ಧ ಕಟ್ಟಿದ್ದಳು. ಹಗ್ಗ ಬಿಚ್ಚಿ ಸುತ್ತಿಟ್ಟಿದ್ದಳು. ಇಸ್ತ್ರಿ ಪೆಟ್ಟಿಗೆ ಬಾಗಿಲ ಬಳಿ ಒಂಟಿಯಾಗಿ ಕೂತಿತ್ತು. ತೋಟಗಾರಣ್ಣ ಹೊಸ್ತಿಲ ಮೇಲೆ.

‘ಅಲ್ಲಿ ನಿಲ್ಸು’ ಅಂದಳು. ‘ಅಚಾತುರ್ಯ ಅಂದ್ರೆ?’

‘ಗೊತ್ತಿಲ್ಲದೆ ಆಗಿದ್ದು ಅಂತ.’

‘ಗೊತ್ತಿಲ್ಲದೆ ಆಯ್ತಾ?’

ಹಾಳೆಯನ್ನು ಕೆಳಗಿಟ್ಟೆ.

‘ಗೊತ್ತಿಲ್ಲದೆ ಆಗಿದ್ರೆ ಅದು ನಿನ್ನ ತಪ್ಪಲ್ಲ. ಅವರದ್ದೂ ಅಲ್ಲ. ಆಗ ಮತ್ತೆ ತಪ್ಪು ನಂದೇ ಆಗುತ್ತೆ. ನೋಡ್ಕೊಂಡು ನಡೀದೆ ಬಿದ್ದೆ ಅಂತ.’ ಹಾಳೆಯನ್ನು ಎಡಗೈಯಿಂದ ನನ್ನ ಕಡೆಗೆ ತಳ್ಳಿದಳು. ‘ನಿನ್ನ ಕೆಲಸ ಹೋಗುತ್ತೆ ಅಂತ ನಂಗೂ ಗೊತ್ತು. ಬೇಡ ಅನ್ಸಿದ್ರೆ ನಾಳೆ ಬರ್ಬೇಡ. ನಾನು ಬಂದು ಕೈ ಹಿಡಿದು ಎಳೆಯಲ್ಲ. ಇರೋದೇ ಒಂದು ಕೈ.’

ತೋಟಗಾರಣ್ಣ ಕೆಮ್ಮಿದರು. ‘ಹಳೇ ಕಂಬದ ಬುಡ ಇನ್ನೂ ನೆಲದಲ್ಲೇ ಇದೆ ತಾಯಿ. ನಾಳೆ ಅವರು ಕೇಳಿದ್ರೆ ನಾನು ತೋರಿಸ್ತೀನಿ. ನೀನು ಬಂದ್ರೂ ತೋರಿಸ್ತೀನಿ, ಬರದಿದ್ರೂ ತೋರಿಸ್ತೀನಿ.’

ಮಾರ್ಚ್ 17, ಸೋಮವಾರ. ಬೆಳಿಗ್ಗೆ 9.40

ಹೊಸ ಹಾಳೆ. ಒಂದು ಪ್ರತಿ ಇಲ್ಲೂ ಇಳಿಸಿಕೊಳ್ಳುತ್ತೇನೆ. ಅಲ್ಲಿ ಹರಿದು ಹಾಕಿದರೂ ಇಲ್ಲಿ ಇರಲಿ. ನಮ್ಮವರು ವ್ಯಾನ್ ಹೊರಗೆ ತೆಗೆದು ನಿಲ್ಲಿಸಿದ್ದಾರೆ, ಲೈನಿನವರು ಹತ್ತುತ್ತಿರುವ ಸದ್ದು. ಯಾರೂ ಕೂಗಿ ಕರೆಯುತ್ತಿಲ್ಲ.

‘ಮೂರನೇ ಕಂಬದ ಅಳತೆಯನ್ನು ಎರಡು ವರ್ಷದಿಂದ ಬಂಡೆಯ ಮರೆಯಲ್ಲಿ ನಿಂತು ತೆಗೆದವಳು ನಾನು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ನಿಜವಾದ ಜಾಗದಲ್ಲಿ ಬೀಳುವುದು ಲಾಡ್ಜಿನ ಗಾಜಿನ ಹಾಲಿನ ಬೆಳಕು. ತಪಾಸಣೆಯವರಿಗೆ ಸುಳ್ಳು ಜಾಗ ತೋರಿಸಿದವಳು ನಾನು. ಫೆಬ್ರವರಿ 5ರಂದು ಲೈನಿನ ಹನ್ನೊಂದು ಬಲ್ಬುಗಳನ್ನು ನನ್ನ ಕೈಯಾರೆ ಬಿಚ್ಚಿದೆ. ಆ ಬಲ್ಬುಗಳಿಂದ ಆಕಾಶಕ್ಕೆ ಏನೂ ಆಗಿರಲಿಲ್ಲ ಎಂಬುದು ಬಿಚ್ಚುವಾಗಲೇ ನನಗೆ ಗೊತ್ತಿತ್ತು.’